ಕಡವಿನ ದೀಪದ ಗಾಜು

"ಬುದ್ಧಿ, ಹಿಗ್ಗದೆ ಕುಗ್ಗದೆ ಇರುವ ಮನಸ್ಸು ಬರಬೇಕಾದರೆ ಏನು ಮಾಡಬೇಕು?" ಎಂದು ಶಂಭುಲಿಂಗ ಕೇಳಿದ.

ಬೆಳಗಿನ ಪಾಠ ಮುಗಿದಿತ್ತು. ಗುರುಗಳು ಮಠದ ಜಗಲಿಯಲ್ಲಿ ಕೂತು ಅಂದಿನ ಟಪಾಲು ಹಂಚಿದ್ದರು. ಮಠಕ್ಕೆ ಬರುವ ಕಾಗದಗಳೆಲ್ಲ ಮೊದಲು ಅವರ ಕೈಗೆ ಬರಬೇಕು. ಅವರೇ ಹೆಸರು ಓದಿ, ಕರೆದು ಕೊಡಬೇಕು. ಅದು ಅಲ್ಲಿಯ ಪದ್ಧತಿ. ಆ ದಿನ ಶಂಭುಲಿಂಗನಿಗೂ ಒಂದು ಬಂದಿತ್ತು. ಅವನ ಅಕ್ಕ ಬರೆದದ್ದು. ತಾಯಿ ಹೋದ ಮೇಲೆ ಅವನನ್ನು ಎತ್ತಿ ಸಾಕಿದವಳು ಆ ಅಕ್ಕನೇ. ಅವನು ಮಠಕ್ಕೆ ಸೇರಿ ಎರಡು ವರ್ಷವಾಗಿತ್ತು. ಅವಳ ಮೊದಲ ಕಾಗದವನ್ನು ಅವನು ಬಿಡಿಸದೆ ಚೀಲದಲ್ಲಿಟ್ಟಿದ್ದ. ಎರಡನೆಯದನ್ನೂ ಹಾಗೆಯೇ ಇಟ್ಟಿದ್ದ. ಓದಿದರೆ ಮನಸ್ಸು ಮನೆಯ ಕಡೆಗೆ ಹರಿಯುತ್ತದೆ, ಇಷ್ಟು ದಿನದ ಸಾಧನೆ ನೀರುಪಾಲಾಗುತ್ತದೆ ಎಂದು ಅವನ ಅಂಜಿಕೆ. ಈಗ ಮೂರನೆಯದೂ ಅದೇ ಚೀಲ ಸೇರಿತ್ತು.

ಗುರುಗಳು ಅವನ ಮುಖ ನೋಡಿದರು, ಚೀಲದ ಕಡೆ ನೋಡಲಿಲ್ಲ.

"ಹಿಗ್ಗದೆ ಕುಗ್ಗದೆ ಇರುವ ವಸ್ತುವನ್ನು ನನ್ನ ಆಯುಷ್ಯದಲ್ಲಿ ಒಂದೇ ಒಂದು ಕಂಡಿದ್ದೇನೆ. ಅದು ಒಂದು ಗಾಜು. ಕೂತುಕೋ," ಎಂದರು.

ಗುರುಗಳು ಪೂರ್ವಾಶ್ರಮದಲ್ಲಿ ಯಾವುದೋ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ ಹೇಳುತ್ತಿದ್ದರಂತೆ. ಗಾಜಿನ ಮಾತು ಎತ್ತಿದರೆಂದರೆ ಮಠದಲ್ಲಿ ಆ ದಿನ ಊಟದ ಗಂಟೆ ತಡ ಎಂದು ಎಲ್ಲರಿಗೂ ಗೊತ್ತು. ಶಂಭುಲಿಂಗ ಕಾಲು ಮಡಿಸಿ ಕೂತ.

ಗುರುಗಳು ಹೇಳತೊಡಗಿದರು.

ಒಂದು ಅಗಲವಾದ ಹೊಳೆ. ಹೊಳೆಯ ಈಚೆ ದಡದಲ್ಲಿ ಒಬ್ಬ ಗಾಜುಗಾರ. ಕುಲುಮೆ ಇಟ್ಟುಕೊಂಡು, ಕಬ್ಬಿಣದ ಕೊಳವೆಯಲ್ಲಿ ಊದಿ, ಲಾಂದ್ರದ ಗಾಜು ಮಾಡುವುದು ಅವನ ಕಸುಬು. ಅವನಿಗೆ ಒಬ್ಬಳೇ ಮಗಳು. ತಾಯಿಯಿಲ್ಲದ ಆ ಹುಡುಗಿ ಕುಲುಮೆಯ ಪಕ್ಕದಲ್ಲೇ ಬೆಳೆದಳು. ಬೇರೆ ಮಕ್ಕಳು ಕುಂಟೆಬಿಲ್ಲೆ ಆಡಿದರೆ ಇವಳಿಗೆ ಒಂದೇ ಆಟ: ಊದಿ ಮುಗಿದ ಗಾಜನ್ನು ಕೊಳವೆಯಿಂದ ಬಿಡಿಸುವುದು. ಅದರ ಕ್ರಮ ಹೀಗೆ. ಗಾಜು ಇನ್ನೂ ಬಿಸಿಯಿರುವಾಗ ಬೆರಳನ್ನು ನೀರಿಗದ್ದಿ, ಕುತ್ತಿಗೆಯ ಹತ್ತಿರ ಒಂದು ಹನಿ ಬಿಡಬೇಕು. ಎರಡು ಹನಿ ಬಿದ್ದರೆ ಕೆಟ್ಟಿತು. ಸರಿಯಾಗಿ ಒಂದು ಹನಿ ಬಿದ್ದರೆ ಟಿಣ್ ಎಂದು ಸದ್ದಾಗಿ ಗಾಜು ಕೊಳವೆಯನ್ನು ಬಿಟ್ಟು ಕೈಗೆ ಬರುತ್ತದೆ. ಎಂಟು ವರ್ಷಕ್ಕೇ ಅವಳ ಹನಿ ತಂದೆಯ ಹನಿಗಿಂತ ಚೊಕ್ಕವಾಗಿ ಬೀಳುತ್ತಿತ್ತು.

ದೊಡ್ಡವಳಾದಳು. ಆಚೆ ದಡದ ಮನೆಗೆ ಕೊಟ್ಟು ಮದುವೆ ಮಾಡಿದ. ಆ ಮನೆಯವರು ಕಡವು ನೋಡಿಕೊಳ್ಳುವವರು. ದೋಣಿ ಬಂದು ನಿಲ್ಲುವ ಜಾಗದಲ್ಲಿ ಒಂದು ಕಂಬ, ಕಂಬದ ಮೇಲೆ ಒಂದು ಲಾಂದ್ರ. ಗಂಡ ಹೊತ್ತು ಹುಟ್ಟುವ ಮೊದಲೇ ದೋಣಿಯ ಮೇಲೆ ಹೋಗುತ್ತಾನೆ. ಅತ್ತೆಗೆ ಏಣಿ ಹತ್ತಲು ಮಂಡಿ ನೋವು. ಹಾಗಾಗಿ ಸಂಜೆ ದೀಪ ಹಚ್ಚುವುದು, ಬೆಳಗ್ಗೆ ಆರಿಸುವುದು ಸೊಸೆಯ ಪಾಲಿಗೆ ಬಂತು. ಒಂದು ಸಂಜೆಯೂ ತಪ್ಪುವಂತಿಲ್ಲ. ತಪ್ಪಿದರೆ ದೋಣಿಗಳಿಗೆ ದಡ ತಿಳಿಯುವುದಿಲ್ಲ. ಆದ್ದರಿಂದ ಅವಳು ತವರಿಗೆ ಬರುವ ಹಾಗಿರಲಿಲ್ಲ.

ತಂದೆಯೇ ಹೋಗಬಹುದಿತ್ತಲ್ಲ ಎನ್ನುತ್ತೀಯೆ. ಅವನ ಕುಲದಲ್ಲಿ ಒಂದು ಕಟ್ಟಳೆ ಇತ್ತು. ಕಾರಣವಿಲ್ಲದೆ ತಂದೆಯಾದವನು ಮಗಳ ಮನೆಯ ಮೆಟ್ಟಿಲು ಹತ್ತಬಾರದು. ಕರೆ ಬರಬೇಕು. ಕರೆಯುವುದು ಅತ್ತೆಯ ಹಕ್ಕು, ಮಗಳದಲ್ಲ. ಅತ್ತೆಗೆ ಬೀಗರನ್ನು ಕರೆಯುವ ಕಾರಣ ವರ್ಷಕ್ಕೆ ಎಷ್ಟು ಸಲ ಬಂದೀತು? ಮೊದಲ ಆರು ತಿಂಗಳು ಒಂದು ಸಲವೂ ಬರಲಿಲ್ಲ. ಗಾಜುಗಾರ ದಿನಾ ಸಂಜೆ ಕುಲುಮೆ ಬಿಟ್ಟು ದಡಕ್ಕೆ ಬಂದು ನಿಲ್ಲುತ್ತಿದ್ದ. ಆಚೆ ದಡದಲ್ಲಿ ದೀಪ ಹತ್ತುತ್ತಿತ್ತು. ಮಗಳು ಏಣಿ ಹತ್ತಿದಳು, ಕಡ್ಡಿ ಗೀರಿದಳು, ಏಣಿ ಇಳಿದಳು ಎಂದು ಮನಸ್ಸಿನಲ್ಲೇ ಎಣಿಸಿಕೊಂಡು ಮನೆಗೆ ಹೋಗುತ್ತಿದ್ದ.

ಏಳನೆಯ ತಿಂಗಳು ಒಂದು ಬೆಳಗ್ಗೆ ಅಂಬಿಗ ಬಂದ. ಕೈಯಲ್ಲಿ ಗಾಜಿನ ಚೂರು ಕಟ್ಟಿದ ಒಂದು ಬಟ್ಟೆಯ ಗಂಟು.

"ಯಜಮಾನರೇ, ಕಡವಿನ ದೀಪದ ಗಾಜು ಒಡೆದುಹೋಗಿದೆ. ಸಂಜೆಯೊಳಗೆ ಬೇರೆ ಬೇಕಂತೆ. ಮಾಡಿದವರೇ ಬಂದು ಕೂರಿಸಿಕೊಡಬೇಕಂತೆ, ನಿಮ್ಮ ಮಗಳ ಅತ್ತೆ ಹೇಳಿದರು."

ಗಾಜುಗಾರ ಮಾಡಿಟ್ಟಿದ್ದ ಗಾಜೊಂದನ್ನು ಎತ್ತಿಕೊಂಡು, ಅಂಗಿಯ ಗುಂಡಿ ಹಾಕುತ್ತಲೇ ದೋಣಿ ಹತ್ತಿದ. ಅಲ್ಲಿ ಏಣಿ ಹತ್ತಿ ಗಾಜು ಕೂರಿಸಿದ. ಜಗಲಿಯ ಮೇಲೆ ಮಜ್ಜಿಗೆ ಕುಡಿದ. ಬಾಗಿಲ ಹಿಂದೆ ಮಗಳು ನಿಂತಿದ್ದಳು.

"ಒಡೆಯಿತೇನಮ್ಮಾ?"

"ಒಡೆಯಿತಪ್ಪ."

"ಉಪ್ಪಿನಕಾಯಿಗೆ ಕಾಯಿ ಸಿಕ್ಕಿತೇ ಈ ಸಲ?"

"ಸಿಕ್ಕಿತು. ನಿಮ್ಮ ಕೆಮ್ಮು ಹೇಗಿದೆ?"

ಅಷ್ಟೇ ಮಾತು. ಸಂಜೆಯ ದೋಣಿಗೆ ವಾಪಸು ಬಂದು ದಡದಲ್ಲಿ ನಿಂತು ನೋಡಿದ. ದೀಪ ಹತ್ತಿತು. ಆ ದಿನ ಅವನು ಎಣಿಸಿಕೊಳ್ಳಲಿಲ್ಲ, ಸುಮ್ಮನೆ ನೋಡಿದ.

ಎರಡು ತಿಂಗಳಿಗೆ ಮತ್ತೆ ಒಡೆಯಿತು. ಆಮೇಲೆ ಮತ್ತೆ. ಪ್ರತಿ ಸಲವೂ ಬೆಳಗ್ಗೆ ಅಂಬಿಗನ ಕೈಯಲ್ಲಿ ಗಂಟು, ಮಧ್ಯಾಹ್ನದ ದೋಣಿಯಲ್ಲಿ ಗಾಜುಗಾರ. ಹಾಗೆ ಐದು ವರ್ಷದಲ್ಲಿ ಇಪ್ಪತ್ತೇಳು ಗಾಜು ಒಡೆದವು.

ಕಸುಬುದಾರನ ಮನಸ್ಸು ಎಂತಹದು ಎಂದು ನಿನಗೆ ಹೇಳಬೇಕು. ಒಡೆದ ಚೂರುಗಳನ್ನು ಅವನು ಎಸೆಯಲಿಲ್ಲ. ಪ್ರತಿ ಗಂಟನ್ನೂ ಬಿಚ್ಚಿ, ಚೂರು ಜೋಡಿಸಿ, ಬಿರುಕು ಎಲ್ಲಿ ಹುಟ್ಟಿತು, ಎಲ್ಲಿಗೆ ಹೋಯಿತು ಎಂದು ಓದಿದ. ಗಾಜು ಓದಲು ಬರುವವನಿಗೆ ಗಾಜು ಸುಳ್ಳು ಹೇಳುವುದಿಲ್ಲ. ಬಿರುಕು ಹುಟ್ಟಿದ ಕಡೆ ಉಗುರಿನ ಗುರುತಿನಷ್ಟು ಚಿಕ್ಕ ಅರ್ಧಚಂದ್ರ ಇರುತ್ತದೆ. ಇಪ್ಪತ್ತೇಳರಲ್ಲಿ ಇಪ್ಪತ್ತೇಳಕ್ಕೂ ಅದು ಒಂದೇ ಜಾಗದಲ್ಲಿತ್ತು. ಬಾಯಿಯಿಂದ ಒಂದು ಬೆರಳು ಕೆಳಗೆ, ಏಣಿಯ ಕಡೆಗೆ.

ಅವನು ಸರಿಯಾಗಿಯೇ ಓದಿದ. ತಿಳಿದುಕೊಂಡದ್ದು ಮಾತ್ರ ಬೇರೆ. ಆ ಜಾಗದಲ್ಲಿ ನನ್ನ ಗಾಜು ತೆಳುವಾಗುತ್ತಿದೆ ಎಂದುಕೊಂಡ. ದಪ್ಪ ಮಾಡಿದ. ದಪ್ಪ ಗಾಜು ಬಿಸಿಯಲ್ಲಿ ಇನ್ನೂ ಬೇಗ ಒಡೆಯುತ್ತದೆ ಎಂದು ತಿಳಿದಿದ್ದೂ ಮಾಡಿದ. ಅದೂ ಒಡೆಯಿತು. ಕಂಬದ ಮೇಲಿನ ಸೂರಿನಿಂದ ಇಬ್ಬನಿ ತೊಟ್ಟಿಕ್ಕುತ್ತಿರಬೇಕು ಎಂದು ಅಳಿಯನಿಗೆ ಹೇಳಿ ಸೂರು ಬದಲಾಯಿಸಿದ. ಅಳಿಯ ಪಾಪ, ಒಂದು ದಿನ ದೋಣಿ ಬಿಟ್ಟು ತಗಡು ಬಡಿದ. ತಗಡಿನ ಕೆಳಗೂ ಒಡೆಯಿತು.

ಅತ್ತೆ ಒಳ್ಳೆಯ ಹೆಂಗಸು, ನಾಲಿಗೆ ಮಾತ್ರ ಚುರುಕು. ಒಂದು ದಿನ ಮಜ್ಜಿಗೆ ಕೊಡುತ್ತ ಅಂದರು, "ಬೀಗರೇ, ನೀವು ಹಾದಿ ಸವೆಸಿದ್ದಕ್ಕೆ ಹೊಳೆಯಲ್ಲಿ ಗಾಡಿಯ ಜಾಡು ಬಿದ್ದಿದೆ. ನಮ್ಮ ಮನೆಯ ಮಡಕೆಯಾದರೂ ವರ್ಷ ಬಾಳುತ್ತದೆ. ನಿಮ್ಮ ಗಾಜು ಹಬ್ಬದಿಂದ ಹಬ್ಬಕ್ಕೆ ಬರುವುದಿಲ್ಲವಲ್ಲ."

ಗಾಜುಗಾರ ಮಜ್ಜಿಗೆಯ ಲೋಟದೊಳಗೆ ನೋಡಿದ. ಬೈದದ್ದು ತನ್ನನ್ನಲ್ಲ, ಬಾಗಿಲ ಹಿಂದೆ ನಿಂತ ಮಗಳನ್ನು ಎಂದು ಅವನಿಗನ್ನಿಸಿತು. ನನ್ನ ಕೈಯ ದೋಷಕ್ಕೆ ಅವಳು ಈ ಮನೆಯಲ್ಲಿ ತಲೆ ತಗ್ಗಿಸಬೇಕೇ ಎಂದುಕೊಂಡ.

"ಅಮ್ಮಾ, ಒಡೆಯದ ಗಾಜು ಮಾಡುತ್ತೇನೆ," ಎಂದ ಬಾಗಿಲ ಕಡೆ ತಿರುಗಿ.

"ಒಡೆಯದ ಗಾಜು ಯಾಕಪ್ಪ?"

"ನಿನ್ನ ಅತ್ತೆಯ ಬಾಯಿ ಮುಚ್ಚಲಿ."

"ಅವರ ಬಾಯಿಂದ ನಮಗೇನು ಕಷ್ಟವಾಗಿದೆ?" ಎಂದಳು ಮಗಳು.

ಎಷ್ಟು ತಾಳ್ಮೆಯ ಹುಡುಗಿ ಎಂದು ತಂದೆ ಕಣ್ಣೊರೆಸಿಕೊಂಡ. ಆ ಮಾತಿಗೆ ಬೇರೆ ಅರ್ಥವಿರಬಹುದು ಎಂದು ಅವನಿಗೆ ಹೊಳೆಯಲಿಲ್ಲ.

ಮರುವಾರ ಪಟ್ಟಣಕ್ಕೆ ಹೋದ. ಅಲ್ಲಿಯ ಕಾಲೇಜಿನಲ್ಲಿ ಒಬ್ಬ ಮೇಷ್ಟ್ರು ಇದ್ದ. ಗಾಜಿನ ಬಗ್ಗೆ ಯಾರಾದರೂ ಏನಾದರೂ ಕೇಳಿಯಾರೇ ಎಂದು ಹಾದಿ ಕಾಯುತ್ತಿದ್ದ ಬಾಯಿಬಡುಕ. ಕೇಳುವವನೊಬ್ಬ ಸಿಕ್ಕಿದ್ದಕ್ಕೆ ಅವನ ಹಿಗ್ಗು ಹೇಳತೀರದು.

"ಟೈಟಾನಿಯಂ ಆಕ್ಸೈಡ್ ಹಾಕಿ," ಎಂದ ಮೇಷ್ಟ್ರು.

"ಅದೆಲ್ಲಿ ಸಿಗುತ್ತದೆ?"

"ಗೋಡೆಗೆ ಬಳಿಯುವ ಬಿಳಿ ಬಣ್ಣದಲ್ಲಿ ಇರುವುದು ಅದೇ. ಸಾಮಾನ್ಯವಾಗಿ ಬಿಳಿ ಮಾಡುವ ಪುಡಿ. ಗಾಜಿನಲ್ಲಿ ಮಾತ್ರ ಅದರ ಕೆಲಸ ಬೇರೆ. ನಿಮ್ಮ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತಾರಲ್ಲ, ಅದು ಗಾಜಿನ ಹೆಪ್ಪು."

ಮೇಷ್ಟ್ರು ವಿವರಿಸಿದ. ಗಾಜು ಎಂದರೆ ಏನು? ಕರಗಿದ ಕಲ್ಲು ತಣಿಯುವಾಗ ಅದರ ಕಣಗಳಿಗೆಲ್ಲ ಮತ್ತೆ ಸಾಲಾಗಿ ಕೂರಬೇಕು, ಹರಳಾಗಬೇಕು ಎಂಬ ಹಂಬಲ. ಕೂರುವ ಮೊದಲೇ ಚಳಿ ಹಿಡಿದು, ಎಲ್ಲಿದ್ದವೋ ಅಲ್ಲೇ ನಿಂತುಬಿಡುತ್ತವೆ. ತೀರದ ಆ ಹಂಬಲಕ್ಕೇ ನಾವು ಗಾಜು ಎನ್ನುತ್ತೇವೆ. ಬೆಳಕು ಅದರೊಳಗೆ ತಡೆಯಿಲ್ಲದೆ ಹಾಯುತ್ತದೆ. ಹಂಬಲ ಪೂರ್ತಿ ತೀರಿಸಿದೆಯೋ, ಹರಳುಗಳು ದಪ್ಪವಾಗಿ ಬೆಳೆದು ಪಿಂಗಾಣಿಯಾಗುತ್ತದೆ, ಬೆಳಕು ಹಾಯುವುದಿಲ್ಲ. ಆದರೆ ಟೈಟಾನಿಯಂ ಹೆಪ್ಪು ಹಾಕಿ, ಹದವಾದ ಬೆಂಕಿಯಲ್ಲಿಟ್ಟರೆ, ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಕೋಟಿಗಟ್ಟಲೆ ಮೂಡಿ ಅಷ್ಟಕ್ಕೇ ನಿಲ್ಲುತ್ತವೆ. ಬೆಳಕೂ ಹಾಯುತ್ತದೆ. ಬಿಸಿ ತಗುಲಿದಾಗ ಗಾಜು ಹಿಗ್ಗಿದಷ್ಟು ಆ ಹರಳು ಕುಗ್ಗುತ್ತದೆ. ಒಟ್ಟಿನಲ್ಲಿ ಹಿಗ್ಗೂ ಇಲ್ಲ, ಕುಗ್ಗೂ ಇಲ್ಲ. ಕೆಂಡದ ಮೇಲಿಂದ ತೆಗೆದು ನೀರಿಗೆ ಹಾಕು, ಬಿರುಕು ಬಿಡುವುದಿಲ್ಲ.

ಶಂಭುಲಿಂಗ ಇಲ್ಲಿ ನೆಟ್ಟಗೆ ಕೂತ. ಗುರುಗಳು ಗಮನಿಸದವರಂತೆ ಮುಂದುವರಿಸಿದರು.

ಮೇಷ್ಟ್ರು ಬೆಂಕಿಯ ಹದ ಹೇಳಿದ, ಬೇಕಾದ ಲಿಥಿಯಂ ಕಲ್ಲಿನ ಪುಡಿ ಕೊಟ್ಟ, ತೂಕ ಬರೆದುಕೊಟ್ಟ. ಎಲ್ಲವನ್ನೂ ಕೇಳಿದ. ಕುಲುಮೆ ಎಷ್ಟು ಕಾಯುತ್ತದೆ, ಗಾಳಿ ಎಷ್ಟು ಊದುತ್ತದೆ, ಗಾಜಿನ ದಪ್ಪ ಎಷ್ಟು ಎಂದೆಲ್ಲ ಕೇಳಿದ. ಹಳೆಯ ಗಾಜು ಒಡೆದಾಗ ನಿಮ್ಮ ಮನೆಯಲ್ಲಿ ಏನಾಗುತ್ತದೆ ಎಂದು ಮಾತ್ರ ಕೇಳಲಿಲ್ಲ. ಅದು ರಸಾಯನಶಾಸ್ತ್ರವಲ್ಲ ಎಂದುಕೊಂಡ.

ಗಾಜುಗಾರ ಬಂದು ಕುಲುಮೆಗೆ ಹೊಸ ಇಟ್ಟಿಗೆ ಕಟ್ಟಿದ. ಹಿಂದೆಂದೂ ಕಾಣದ ಬಿಸಿ ಬೇಕಾಗಿತ್ತು. ಮೊದಲ ಸಲ ಕರಗಿಸಿ ಊದಿದಾಗ ಗಾಜು ನೇರಳೆ ಹಣ್ಣಿನಂತೆ ಕಪ್ಪಾಗಿ ಬಂತು. ಅಂಬಿಗ ಅದನ್ನು ಬಿಸಿಲಿಗೆ ಹಿಡಿದು ನೋಡಿದ.

"ಏನು ಯಜಮಾನರೇ, ಕತ್ತಲೆಯನ್ನೇ ಊದಿ ತೆಗೆದಿದ್ದೀರಾ? ದೀಪ ಹಚ್ಚಿದರೂ ಒಂದೇ, ಬಿಟ್ಟರೂ ಒಂದೇ."

ಮೇಷ್ಟ್ರು ನೋಡಿ, ಕುಲುಮೆಗೆ ಗಾಳಿ ಸಾಲದು, ಟೈಟಾನಿಯಂ ಉಸಿರುಕಟ್ಟಿ ನೀಲಿಗಟ್ಟಿದೆ ಎಂದ. ತಿದಿಯನ್ನು ದೊಡ್ಡದು ಮಾಡಿದ ಮೇಲೆ ಗಾಜು ತಿಳಿ ಜೇನಿನ ಬಣ್ಣಕ್ಕೆ ಬಂತು. ಆ ಬಣ್ಣ ಆಮೇಲೆ ಹೋಗಲೇ ಇಲ್ಲ. ಟೈಟಾನಿಯಂ ಗಾಜಿನ ಸ್ವಭಾವವೇ ಹಾಗೆ.

ನಿಜವಾಗಿ ಗಾಜಾಗಿದೆಯೋ, ಆಗಲೇ ಹರಳುಗಟ್ಟಿದೆಯೋ ನೋಡಬೇಕು, ಒಂದನ್ನು ಪುಡಿ ಮಾಡಿ ತನ್ನಿ ಎಂದ ಮೇಷ್ಟ್ರು.

"ಒಳ್ಳೆಯದನ್ನು ಪುಡಿ ಮಾಡಿದ ಮೇಲೆ ಅದು ಒಳ್ಳೆಯದು ಎಂದು ತಿಳಿದು ಏನು ಬಂತು, ಸ್ವಾಮಿ?"

"ಮುಂದಿನದು ಒಳ್ಳೆಯದಾಗುತ್ತದೆ."

ಒಲ್ಲದ ಮನಸ್ಸಿನಿಂದ ಕುಟ್ಟಿ ಕೊಟ್ಟ. ಮೇಷ್ಟ್ರು ಕಾಲೇಜಿನ ಎಕ್ಸ್‌ರೇ ಯಂತ್ರದಲ್ಲಿಟ್ಟ. ಹರಳಾದರೆ ಯಂತ್ರದ ಕಾಗದದ ಮೇಲೆ ಮುಳ್ಳುಮುಳ್ಳಾಗಿ ಗೆರೆ ಏಳುತ್ತದೆ. ಗಾಜಾದರೆ ಮಬ್ಬಾದ ಒಂದು ದಿಬ್ಬ ಮಾತ್ರ. ದಿಬ್ಬವೇ ಬಂತು. ಇನ್ನು ಹೆಪ್ಪಿನ ಬೆಂಕಿ ಒಂದೇ ಉಳಿದದ್ದು.

ಅಲ್ಲೇ ಅವನು ಎಡವಿದ್ದು. ಹೆಪ್ಪಿನ ಬೆಂಕಿ ಮಂದ ಬೆಂಕಿ. ಒಂದು ದಿನ ಪೂರ್ತಿ ಅದರಲ್ಲಿಟ್ಟರೂ ಹೊರಗೆ ಏನೂ ಕಾಣುವುದಿಲ್ಲ. ಇಟ್ಟ ಗಾಜು ಇಟ್ಟ ಹಾಗೇ ಇರುತ್ತದೆ. ಬಣ್ಣ ಬದಲಾಗದು, ಆಕಾರ ಬದಲಾಗದು. ಒಳಗೆ ಬೀಜ ಮೂಡುತ್ತಿದೆ ಎಂದು ನಂಬಿ ಕೂರಬೇಕು. ಗಾಜುಗಾರನಿಗೆ ಕೂರಲಾಗಲಿಲ್ಲ. ಆಚೆ ದಡದಲ್ಲಿ ಮಗಳು ತಲೆ ತಗ್ಗಿಸಿ ನಿಂತಂತೆ ಕಣ್ಣಿಗೆ ಕಟ್ಟುತ್ತಿತ್ತು. ಅರ್ಧ ದಿನಕ್ಕೇ ಬೆಂಕಿ ಏರಿಸಿದ. ಬೀಜ ಸಾಲದೆ, ಮೂಡಿದ ಕೆಲವೇ ಹರಳುಗಳು ದಪ್ಪದಪ್ಪ ಬೆಳೆದು, ಗಾಜು ತೆಂಗಿನ ತಿರುಳಿನಂತೆ ಬೆಳ್ಳಗಾಯಿತು. ಎರಡನೆಯದೂ ಹಾಗೇ. ಮೂರನೆಯದು ಬೆಳ್ಳಗಾಗಿ ಬಿರುಕೂ ಬಿಟ್ಟಿತು.

"ಹೆಪ್ಪು ಹಾಕಿದ ಪಾತ್ರೆಯನ್ನು ಗಳಿಗೆಗೊಮ್ಮೆ ಅಲ್ಲಾಡಿಸಿದರೆ ಮೊಸರಾಗುತ್ತದೆಯೇ?" ಎಂದು ಮೇಷ್ಟ್ರು ಬೈದ.

ನಾಲ್ಕನೆಯದನ್ನು ಬೆಂಕಿಗಿಟ್ಟು ಗಾಜುಗಾರ ಕುಲುಮೆಯ ಬಾಗಿಲಿಗೆ ಮಣ್ಣು ಮೆತ್ತಿದ. ಮೆತ್ತಿ, ಅಲ್ಲಿ ನಿಲ್ಲದೆ ಹೊಳೆಯ ದಡಕ್ಕೆ ಹೋಗಿ ಕೂತ. ಒಂದು ಹಗಲೆಲ್ಲ ನೀರು ನೋಡಿದ. ಸಂಜೆ ಆಚೆ ದೀಪ ಹತ್ತುವುದನ್ನು ನೋಡಿದ. ಮಾರನೆಯ ದಿನ ಅದೇ ಹೊತ್ತಿಗೆ ಎದ್ದು ಹೋಗಿ ಬೆಂಕಿ ಏರಿಸಿದ. ಬಾಗಿಲು ಒಡೆದಾಗ ಜೇನಿನ ಬಣ್ಣದ ಗಾಜು ತಿಳಿಯಾಗಿ ನಿಂತಿತ್ತು. ಅದರ ಜೊತೆಗಿಟ್ಟಿದ್ದ ಚೂರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದ. ಚುಯ್ ಎಂದು ಸದ್ದಾಯಿತು, ಅಷ್ಟೇ. ಆ ಚೂರಿನ ಪುಡಿಯನ್ನು ಮೇಷ್ಟ್ರು ಯಂತ್ರದಲ್ಲಿಟ್ಟು ನೋಡಿದಾಗ ದಿಬ್ಬದ ಮೇಲೆ ಸಣ್ಣ ಮುಳ್ಳುಗಳು ಎದ್ದಿದ್ದವು. ಆ ದಿನ ಕುಣಿದಾಡಿದವನು ಮೇಷ್ಟ್ರು. ಕಡವಿನಿಂದ ಇಪ್ಪತ್ತೇಳನೆಯ ಗಂಟು ಬಂದ ಬೆಳಗ್ಗೆ ಗಾಜುಗಾರ ಒಂದು ಅಂಗವಸ್ತ್ರದಲ್ಲಿ ಗಾಜನ್ನು ಸುತ್ತಿಕೊಂಡು ದೋಣಿ ಹತ್ತಿದ.

ಗಾಜು ಕೂರಿಸಿ, ಹಗಲಲ್ಲೇ ದೀಪ ಹಚ್ಚಿ ಚೆನ್ನಾಗಿ ಕಾಯಲು ಬಿಟ್ಟ. ಆಮೇಲೆ ಬೀಗಿತ್ತಿಯನ್ನು ಹೊರಗೆ ಕರೆದ. ಅವರ ಕಣ್ಣೆದುರಿಗೇ ಒಂದು ಚೊಂಬು ತಣ್ಣೀರನ್ನು ಬಿಸಿ ಗಾಜಿನ ಮೇಲೆ ಎರಚಿದ. ಆವಿ ಎದ್ದಿತು. ಗಾಜು ಹಾಗೇ ಇತ್ತು.

"ಅಬ್ಬಬ್ಬ," ಎಂದರು ಬೀಗಿತ್ತಿ. "ಇನ್ನು ನಮ್ಮ ಮಡಕೆಗೆ ಮರ್ಯಾದೆ ಇಲ್ಲ ಬಿಡಿ."

ಮಗಳು ಬಾಗಿಲು ದಾಟಿ ಕಂಬದ ತನಕ ಬಂದಿದ್ದಳು. ಗಾಜನ್ನು ಬಹಳ ಹೊತ್ತು ನೋಡಿದಳು.

"ಇದು ಇನ್ನು ಒಡೆಯುವುದೇ ಇಲ್ಲವೇ ಅಪ್ಪ?"

"ಇಲ್ಲ. ನಾನು ಹೋದ ಮೇಲೂ ಒಡೆಯುವುದಿಲ್ಲ."

"ಸರಿ," ಎಂದು ಒಳಗೆ ಹೋದಳು. ಒಲೆಯ ಮೇಲೆ ಏನೋ ಇಟ್ಟಿದ್ದಳೇನೋ ಎಂದುಕೊಂಡ ತಂದೆ. ದೋಣಿ ಹೊರಡುವ ತನಕ ಅವಳು ಹೊರಗೆ ಬರಲಿಲ್ಲ.

ಮೊದಲ ತಿಂಗಳು ಅವನ ಕಾಲು ನೆಲಕ್ಕೆ ತಾಗಲಿಲ್ಲ. ಸಂಜೆ ದಡಕ್ಕೆ ಬಂದು, ಆಚೆ ಹತ್ತಿದ ಜೇನುಬಣ್ಣದ ದೀಪವನ್ನು ಕಂಡವರಿಗೆಲ್ಲ ತೋರಿಸುತ್ತಿದ್ದ. ಎರಡನೆಯ ತಿಂಗಳು ಅಂಬಿಗನ ಹುಟ್ಟಿನ ಸದ್ದಿಗೆ ಬೆಳಗ್ಗೆ ಎಚ್ಚರವಾಗತೊಡಗಿತು. ಎದ್ದು ಬಾಗಿಲಿಗೆ ಬರುತ್ತಿದ್ದ. ಅಂಬಿಗ ಬರಿಗೈಯಲ್ಲಿ ಹೋಗುತ್ತಿದ್ದ.

"ಏನಾದರೂ ಕೊಟ್ಟರೇ?"

"ಏನು ಕೊಡುತ್ತಾರೆ ಯಜಮಾನರೇ? ನೀವೇ ಒಡೆಯದ್ದು ಮಾಡಿಕೊಟ್ಟಿದ್ದೀರಲ್ಲ."

ಒಂದು ಮಳೆಗಾಲ ಹೋಯಿತು. ಇನ್ನೊಂದು ಮಳೆಗಾಲ ಹೋಯಿತು. ಸಂಜೆ ಏಣಿ ಹತ್ತಿದಳು, ಕಡ್ಡಿ ಗೀರಿದಳು, ಏಣಿ ಇಳಿದಳು ಎಂದು ಎಣಿಸುವುದು ಅವನಿಗೆ ಮತ್ತೆ ಅಭ್ಯಾಸವಾಯಿತು. ಮಗಳ ಮುಖ ಮೊದಲು ಪೂರ್ತಿ ನೆನಪಾಗುತ್ತಿತ್ತು. ಈಗ ಬಾಗಿಲ ಹಿಂದಿನ ಸೀರೆಯ ಅಂಚು ಮಾತ್ರ. ಧ್ವನಿಯಲ್ಲಿ ಉಳಿದದ್ದು "ಒಡೆಯಿತಪ್ಪ" ಎಂಬ ಒಂದೇ ಮಾತು. ಕಾರಣವಿಲ್ಲದೆ ಹೋಗುವಂತಿಲ್ಲ. ಇದ್ದ ಒಂದು ಕಾರಣವನ್ನು ತನ್ನ ಕೈಯಾರೆ ಇಲ್ಲವಾಗಿಸಿದ್ದೇನೆ ಎಂದು ಅವನಿಗೆ ಗೊತ್ತಾಗಿತ್ತು. ಆದರೆ ಅವನಿಗೆ ಗೊತ್ತಾಗಿದ್ದದ್ದು ಅರ್ಧ ಮಾತ್ರ.

ಉಳಿದರ್ಧ ಒಂದು ಮಧ್ಯಾಹ್ನ ಗೊತ್ತಾಯಿತು. ಯಾರಿಗೋ ಸಾಧಾರಣ ಲಾಂದ್ರದ ಗಾಜು ಊದಿದ್ದ. ಬೆರಳನ್ನು ನೀರಿಗದ್ದಿ ಕುತ್ತಿಗೆಯ ಮೇಲೆ ಹನಿ ಬಿಟ್ಟ. ವಯಸ್ಸಾದ ಕೈ, ತುಸು ನಡುಗಿತು. ಹನಿ ಕುತ್ತಿಗೆಗೆ ಬೀಳದೆ ಕೆಳಗೆ ಬಿತ್ತು. ಗಾಜು ಅಡ್ಡಕ್ಕೆ ಒಡೆಯಿತು. ಬೇಸರದಿಂದ ಚೂರು ಎತ್ತಿಕೊಂಡ. ರೂಢಿಯಂತೆ ಬಿರುಕು ಎಲ್ಲಿ ಹುಟ್ಟಿತೆಂದು ನೋಡಿದ. ಹನಿ ಬಿದ್ದ ಜಾಗದಲ್ಲಿ, ಉಗುರಿನ ಗುರುತಿನಷ್ಟು ಚಿಕ್ಕ ಅರ್ಧಚಂದ್ರ.

ಚೂರನ್ನು ಕೈಯಲ್ಲಿ ಹಿಡಿದೇ ಒಳಗೆ ಹೋದ. ಅಟ್ಟದಿಂದ ಪೆಟ್ಟಿಗೆ ಇಳಿಸಿ ಇಪ್ಪತ್ತೇಳು ಗಂಟುಗಳನ್ನೂ ಬಿಚ್ಚಿದ. ಬಾಯಿಯಿಂದ ಒಂದು ಬೆರಳು ಕೆಳಗೆ. ಏಣಿಯ ಕಡೆಗೆ. ಏಣಿಯ ಮೇಲೆ ನಿಂತವಳು ದೀಪ ಆರಿಸಿ, ಗಾಜು ಬಿಸಿಯಿರುವಾಗಲೇ ಕೈ ಚಾಚಿದರೆ ಬೆರಳು ಎಲ್ಲಿಗೆ ಎಟುಕುತ್ತದೋ ಅಲ್ಲಿ. ಇಪ್ಪತ್ತೇಳರಲ್ಲಿ ಒಂದರಲ್ಲೂ ಎರಡನೆಯ ಹನಿಯ ಗುರುತಿರಲಿಲ್ಲ. ಅಷ್ಟು ಚೊಕ್ಕವಾಗಿ ಒಂದೇ ಹನಿ ಬಿಡಬಲ್ಲವರು ಆ ಹೊಳೆಯ ಎರಡೂ ದಡದಲ್ಲಿ ಇಬ್ಬರೇ. ಒಬ್ಬ ಇಲ್ಲಿ ಕೂತಿದ್ದ.

ಇಡೀ ಆಯುಷ್ಯ ಗಾಜು ಓದಿದವನು, ತನಗೆ ಬಂದ ಇಪ್ಪತ್ತೇಳು ಕರೆಗಳನ್ನು ಗಾಜಿನ ದೋಷವೆಂದು ಓದಿದ್ದ.

ಅಂದೇ ಒಂದು ಗಾಜು ಊದಿದ. ಟೈಟಾನಿಯಂ ಇಲ್ಲ, ಹೆಪ್ಪಿಲ್ಲ. ಹಳೆಯ ಮರಳು, ಹಳೆಯ ಸೋಡಾ. ಮಾರನೆಯ ದಿನ ಕರೆಯಿಲ್ಲದೆ ದೋಣಿ ಹತ್ತಿದ. ಕಟ್ಟಳೆ ಮುರಿದದ್ದು ಆ ಕುಲದಲ್ಲಿ ಅವನೇ ಮೊದಲಿರಬೇಕು.

"ಬನ್ನಿ ಬೀಗರೇ," ಎಂದರು ಮಗಳ ಅತ್ತೆ. "ಎರಡು ವರ್ಷಕ್ಕೆ ಹೊಳೆ ದಾಟಿದಿರಿ. ಇದೇನು ಇನ್ನೊಂದು ಗಾಜು? ಇರುವುದು ಕಲ್ಲುಗುಂಡಿನ ಹಾಗಿದೆಯಲ್ಲ."

"ಅದರಲ್ಲಿ ಒಂದು ದೋಷ ಉಳಿದುಬಿಟ್ಟಿದೆ," ಎಂದ ಗಾಜುಗಾರ.

ಅವರು ಮಜ್ಜಿಗೆ ತರಲು ಒಳಗೆ ಹೋದರು. ಮಗಳು ಏಣಿ ಹಿಡಿದುಕೊಂಡಳು. ಅವನು ಹತ್ತಿ, ಜೇನುಬಣ್ಣದ ಗಾಜು ತೆಗೆದು, ಹಳೆಯ ಬಗೆಯದನ್ನು ಕೂರಿಸಿದ. ಇಳಿದ ಮೇಲೆ ಅವಳ ಮುಖ ನೋಡಿದ. ಕಿವಿಯ ಹತ್ತಿರ ಎರಡು ಬಿಳಿ ಕೂದಲು ಬಂದಿದ್ದವು.

"ಇದಕ್ಕೂ ಹಾಕಿ ನೋಡಿದೆಯಾ ಅಮ್ಮಾ?" ಎಂದು ಕೈಯಲ್ಲಿದ್ದ ಗಾಜು ತೋರಿಸಿದ.

ಮಗಳು ಅದನ್ನು ಸೆರಗಿನಿಂದ ಒರೆಸಿದಳು.

"ಮೂರು ಸಲ ಹಾಕಿದೆ ಅಪ್ಪ. ಒಡೆಯಲಿಲ್ಲ. ಆಮೇಲೆ ಬಿಟ್ಟುಬಿಟ್ಟೆ."

ಅವನು ಮಜ್ಜಿಗೆ ಕುಡಿದು ವಾಪಸು ಬಂದ. ಆ ಸಂಜೆ ಆಚೆ ದಡದಲ್ಲಿ ದೀಪ ಮೊದಲಿನ ಹಾಗೆ ಬೆಳ್ಳಗೆ ಹತ್ತಿತು. ಮರುದಿನ ಬೆಳಗ್ಗೆ ಹುಟ್ಟಿನ ಸದ್ದಿಗೆ ಎದ್ದು ಬಾಗಿಲಿಗೆ ಬಂದು ನಿಂತ. ಅಂಬಿಗ ಬರಿಗೈಯಲ್ಲಿ ಬಂದ. ಅದರ ಮರುದಿನವೂ ನಿಂತ. ತಿಂಗಳಾಯಿತು, ಎರಡು ತಿಂಗಳಾಯಿತು. ದಿನಾ ಬೆಳಗ್ಗೆ ಎದ್ದು ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಒಳಗೆ ಊಟದ ಗಂಟೆ ಹೊಡೆಯಬೇಕಾದವನು ಕಂಬಕ್ಕೊರಗಿ ತಾನೂ ಕೇಳುತ್ತಿದ್ದ.

ಶಂಭುಲಿಂಗ ಮುಂದಕ್ಕೆ ಬಾಗಿದ.

"ಆಮೇಲೆ ಗಂಟು ಬಂತೇ ಬುದ್ಧಿ? ಮಗಳು ಮತ್ತೆ ಹನಿ ಹಾಕಿದಳೇ?"

ಗುರುಗಳು ಈಗ ಅವನ ಪಕ್ಕದಲ್ಲಿದ್ದ ಚೀಲದ ಕಡೆ ನೋಡಿದರು.

"ಅವಳು ಮೂರು ಸಲ ಹಾಕಿ ಬಿಟ್ಟಳು. ನಿನ್ನ ಅಕ್ಕನದು ಇದು ಎಷ್ಟನೆಯ ಕಾಗದ?"

ಶಂಭುಲಿಂಗ ಚೀಲವನ್ನು ಹತ್ತಿರಕ್ಕೆಳೆದು ಅದರ ಬಾಯಿ ಬಿಚ್ಚಿದ.